ಅಪ್ಪನ ಮೂಗಿಗೆ ಲಾವಂಚದ ನೀರು

ನಮ್ಮ ಮನೆಯಲ್ಲಿ ನೀರಿಗೂ ದರ್ಜೆಗಳಿವೆ. ನೆಂಟರಿಗೆ ಲಾವಂಚದ ಬೇರು ಹಾಕಿ ಕುದಿಸಿ ಆರಿಸಿದ ನೀರು, ಜೊತೆಗೆ ಒಂದು ತುಂಡು ಬೆಲ್ಲ. ಮನೆಯವರಿಗೆ ಜೀರಿಗೆ ನೀರು. ನನಗೆ, ಅಡುಗೆಮನೆಯಲ್ಲಿ ಯಾವ ಪಾತ್ರೆಯ ಮುಚ್ಚಳ ತೆರೆದಿರುತ್ತದೋ ಅದರ ನೀರು. ಈ ಇಲಾಖೆಯ ಮುಖ್ಯಸ್ಥೆ ಅಜ್ಜಿ, ಅಂದರೆ ಅಪ್ಪನ ಅಮ್ಮ. ಬಾವಿಯಿಂದ ಕೊಡಪಾನದಲ್ಲಿ ಬಂದ ನೀರು ಅವರ ಒಲೆಯ ಮೇಲೆ ಒಮ್ಮೆ ಕುದಿಯದೆ ಯಾರ ಗಂಟಲಿಗೂ ಇಳಿಯುವಂತಿಲ್ಲ. ನಾವು ಮನೆಯಲ್ಲಿ ಮಾತನಾಡುವುದು ತುಳು. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಅಜ್ಜಿಯ ಬೈಗುಳದ ಖಾರ ದಾರಿಯಲ್ಲಿ ಅರ್ಧ ಚೆಲ್ಲಿಹೋಗಿದ್ದರೆ ತಪ್ಪು ನನ್ನದಲ್ಲ.

ಕಳೆದ ವರ್ಷ ಈ ಮನೆಗೆ ನೀರು ಕುಡಿಯುವ ಇನ್ನೊಂದು ಪ್ರಾಣಿ ಬಂತು. ಅಪ್ಪನ ಉಸಿರಾಟದ ಮಿಷನ್. ಗಾಳಿ ಊದುವ ಒಂದು ಪೆಟ್ಟಿಗೆ, ಅದರ ಪಕ್ಕಕ್ಕೆ ಸಿಕ್ಕಿಸುವ ನೀರಿನ ಡಬ್ಬಿ, ಅಲ್ಲಿಂದ ಹೊರಟ ಉದ್ದ ಪೈಪು, ಪೈಪಿನ ತುದಿಗೆ ಮೂಗಿನ ಮೇಲೆ ಕೂರುವ ಮಾಸ್ಕು. ಇದನ್ನು ಕಟ್ಟಿಕೊಂಡು ಮಲಗಿದ ಅಪ್ಪನನ್ನು ನೋಡಿದರೆ ಯುದ್ಧವಿಮಾನ ಹಾರಿಸಲು ಹೊರಟವರ ಹಾಗೆ ಕಾಣುತ್ತಾರೆ. ಹಾರಿಸುವುದು ಹಾಗಿರಲಿ, ಅವರು ಬಸ್ಸನ್ನೂ ಓಡಿಸುವವರಲ್ಲ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್.

ಮಿಷನ್ ಬರುವ ಮೊದಲು ಅಪ್ಪನ ಗೊರಕೆ ಚಾರ್ಮಾಡಿ ಘಾಟಿ ಹತ್ತುವ ಲಾರಿಯ ಹಾಗೆ ಇತ್ತು. ಹತ್ತುತ್ತದೆ, ಹತ್ತುತ್ತದೆ, ತುದಿ ಮುಟ್ಟುತ್ತದೆ, ಅಲ್ಲಿ ಎಂಜಿನ್ ಬಂದ್. ಇಪ್ಪತ್ತು ಎಣಿಸುವಷ್ಟು ಹೊತ್ತು ಒಂದು ಶಬ್ದವಿಲ್ಲ. ಆಮೇಲೆ ಯಾರೋ ಗೇರು ಬದಲಿಸಿದ ಹಾಗೆ ಒಂದು ದೊಡ್ಡ ಗೊರ್ರ್. ನಾವು ಇಷ್ಟು ವರ್ಷ ಅದನ್ನು ಗಾಢನಿದ್ದೆ ಎಂದು ನಂಬಿ ಹೆಮ್ಮೆಪಟ್ಟುಕೊಂಡಿದ್ದೆವು. ಆ ಎಂಜಿನ್ ಬಂದ್ ಆದಾಗ ನಿಜವಾಗಿ ಬಂದ್ ಆಗುತ್ತಿದ್ದದ್ದು ಉಸಿರು ಎಂದು ಡಾಕ್ಟರು ಹೇಳಿದ ಮೇಲೆ ಅಮ್ಮ ಒಂದು ವಾರ ಮಲಗಲಿಲ್ಲ, ಕೂತು ಎಣಿಸುತ್ತಿದ್ದರು.

ಡಾಕ್ಟರ ಹತ್ತಿರ ಹೋದದ್ದು ಗೊರಕೆಗಾಗಿ ಅಲ್ಲ. ನಮ್ಮ ಕಡೆ ಗೊರಕೆಗೆ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ, ಪಕ್ಕದಲ್ಲಿ ಮಲಗುವವರು ಕೋಣೆ ಬದಲಿಸುತ್ತಾರೆ, ಅಷ್ಟೆ. ಅಪ್ಪ ಒಂದು ದಿನ ದಾರಿಯಲ್ಲಿ ಸಿಗುವ ರಾಯಿ ಎಂಬ ಊರಿನ ತಿರುವಿನಲ್ಲಿ ಬಸ್ಸಿನ ಬಾಗಿಲ ಮೆಟ್ಟಿಲ ಮೇಲೆ ನಿಂತಲ್ಲೇ ನಿದ್ದೆ ಹೋದರು. ಕಂಬಿ ಹಿಡಿದ ಕೈ ಸಡಿಲವಾಯಿತು. ಹತ್ತಿರ ನಿಂತಿದ್ದ ಮೀನಿನ ಹೆಂಗಸೊಬ್ಬರು ಅವರ ಹೆಗಲ ಚೀಲದ ಪಟ್ಟಿ ಹಿಡಿದು ಎಳೆಯದೇ ಇದ್ದಿದ್ದರೆ ಈ ಕಥೆಯಲ್ಲಿ ಮಿಷನಿನ ಅಗತ್ಯವೇ ಇರುತ್ತಿರಲಿಲ್ಲ. ಬಸ್ಸಿನ ಧಣಿ ಸ್ಪಷ್ಟವಾಗಿ ಹೇಳಿದರು: "ನಿದ್ದೆ ಸಮ ಮಾಡಿಕೊಂಡು ಬಾ ಮಾರಾಯ. ಅಲ್ಲಿವರೆಗೆ ಬಾಗಿಲಿಗೆ ನಿಲ್ಲುವುದು ಬೇಡ." ಹಾಗೆ ಮಿಷನ್ ಬಂತು. ಒಂದು ತಿಂಗಳಲ್ಲಿ ಅಪ್ಪ ಪುನಃ ಬಾಗಿಲಿಗೆ ಬಂದರು. ಮಿಷನ್ ಇದ್ದರೆ ಅಪ್ಪ ಮೆಟ್ಟಿಲ ಮೇಲೆ. ಇಲ್ಲದಿದ್ದರೆ ರಸ್ತೆಯ ಮೇಲೆ. ಇಷ್ಟು ಸರಳ ಲೆಕ್ಕ.

ಮಿಷನ್ ತಂದುಕೊಟ್ಟ ಹುಡುಗ ಹೋಗುವಾಗ ಡಬ್ಬಿ ತೋರಿಸಿ, "ಇದಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ" ಎಂದಿದ್ದ. ಬಿಸಿಯಾದ ಆ ನೀರಿನ ಹಬೆ ಗಾಳಿಯನ್ನು ತೇವ ಮಾಡುತ್ತದೆ, ಇಲ್ಲದಿದ್ದರೆ ಬೆಳಗ್ಗೆ ಮೂಗು ಗಂಟಲು ಒಣಗಿ ಹಪ್ಪಳವಾಗುತ್ತದೆ. ಅಪ್ಪ ತಲೆಯಾಡಿಸಿದರು. ಬಸ್ಸಿನವರಿಗೆ ಡಿಸ್ಟಿಲ್ಡ್ ವಾಟರ್ ಎಂದರೆ ಒಂದೇ ಅರ್ಥ. ಮರುದಿನ ಬಸ್ಸಿನ ಶೆಡ್ಡಿನಿಂದ ಒಂದು ಬಿಳಿ ಕ್ಯಾನು ತಂದು ಮೂಲೆಯಲ್ಲಿ ಇಟ್ಟರು.

"ಇದು ಎಂತದು?" ಎಂದು ಅಜ್ಜಿ ಕೇಳಿದರು.

"ಬ್ಯಾಟರಿ ನೀರು ಅಮ್ಮ. ಮಿಷನಿಗೆ."

"ಯಾವ ಬ್ಯಾಟರಿ?"

"ಬಸ್ಸಿನ ಬ್ಯಾಟರಿಗೆ ಹಾಕ್ತೇವಲ್ಲ, ಅದೇ ನೀರು. ಶುದ್ಧ ಉಂಟು."

ಅಜ್ಜಿ ಕ್ಯಾನನ್ನೂ ಮಗನನ್ನೂ ಒಂದು ಸುತ್ತು ನೋಡಿದರು. "ಬಸ್ಸಿಗೂ ನಿನಗೂ ಒಂದೇ ನೀರಾ? ನಾಳೆ ಡೀಸೆಲ್ ಕುಡಿತೀಯಾ? ನಲುವತ್ತಾರು ವರ್ಷ ನಾನು ಕುದಿಸಿ ಕುದಿಸಿ ಕೊಟ್ಟದ್ದು ಎಂತಕ್ಕೆ ಹಾಗಾದ್ರೆ?"

"ನೀವು ಸುಮ್ಮನೆ ಮಂಡೆ ಬಿಸಿ ಮಾಡ್ಬೇಡಿ ಅಮ್ಮ" ಎಂದು ಹೇಳಿ ಅಪ್ಪ ಮೀಯಲು ಹೋದರು. ಅಜ್ಜಿ ಏನೂ ಹೇಳಲಿಲ್ಲ. ಅಜ್ಜಿ ಏನೂ ಹೇಳಲಿಲ್ಲ ಎಂದರೆ ಏನು ಎಂದು ಅಪ್ಪನಿಗೆ ಇಷ್ಟು ವರ್ಷದಲ್ಲಿ ಗೊತ್ತಾಗಬೇಕಿತ್ತು.

ಮನೆಯ ತಾಂತ್ರಿಕ ವಿಭಾಗ ನನ್ನದು. ಟಿವಿಯ ವೈರು ಅಲ್ಲಾಡಿಸಿ ಸರಿಮಾಡುವವನು ನಾನು, ಅಮ್ಮನ ಮೊಬೈಲಿನಲ್ಲಿ ಕಳೆದುಹೋದ ಫೋಟೊ ಹುಡುಕುವವನು ನಾನು. ಮಿಷನ್ ಬಂದ ಮೇಲೆ ನೋಡಲು ಬಂದ ನೆರೆಕರೆಯವರಿಗೆಲ್ಲ ವಿವರಣೆ ಕೊಟ್ಟವನೂ ನಾನೇ. ಹೇಳುತ್ತಾ ಹೇಳುತ್ತಾ ಅದರ ಶಕ್ತಿ ಹೆಚ್ಚುತ್ತಾ ಹೋಯಿತು. ಮೊದಲ ದಿನ ಅದು ಗಾಳಿ ಊದುತ್ತಿತ್ತು. ನಾಲ್ಕನೆಯ ದಿನ ಉಪಗ್ರಹದ ಜೊತೆ ಮಾತನಾಡುತ್ತಿತ್ತು.

ಹೀಗಿರುವಾಗ ಒಂದು ಸಂಜೆ, ಇನ್ನೂ ದೀಪ ಹಚ್ಚುವ ಮೊದಲು, ಅಪ್ಪನ ಕೋಣೆಯಲ್ಲಿ ಅಜ್ಜಿ ಕೂತಿದ್ದರು. ಒಂದು ಕೈಯಲ್ಲಿ ಮಿಷನಿನ ಡಬ್ಬಿ, ಇನ್ನೊಂದು ಕೈಯಲ್ಲಿ ನೆಂಟರ ನೀರಿನ ಹಿತ್ತಾಳೆ ತಂಬಿಗೆ. ಬ್ಯಾಟರಿ ನೀರನ್ನು ಕಿಟಕಿಯಿಂದ ಹೊರಗಿನ ಬಸಳೆ ಬುಡಕ್ಕೆ ಚೆಲ್ಲಿ, ಲಾವಂಚದ ನೀರನ್ನು ಸೀರೆಯ ಸೆರಗಿನಲ್ಲಿ ಸೋಸಿ ತುಂಬಿಸುತ್ತಿದ್ದರು. ನನ್ನನ್ನು ನೋಡಿ ಸ್ವಲ್ಪವೂ ಗಾಬರಿಯಾಗಲಿಲ್ಲ.

"ಅಡುಗೆಮನೆಯಲ್ಲಿ ನೆಯ್ಯಪ್ಪ ಉಂಟು. ಬಿಸಿ ಉಂಟು" ಎಂದರು.

"ಎಷ್ಟು ತಿನ್ನಬಹುದು?"

"ಬಾಯಿ ಎಷ್ಟು ಹೊತ್ತು ಮುಚ್ಚಿರ್ತದೋ ಅಷ್ಟು."

ಒಪ್ಪಂದ ಆಯಿತು. ನನ್ನ ಪರವಾಗಿ ಒಂದು ಮಾತು: ನಾನು ಸುಲಭವಾಗಿ ಒಪ್ಪಲಿಲ್ಲ. ಮೊದಲು ಆ ಬೆಲ್ಲದ ಅಪ್ಪ ಒಂದು ತಿಂದು, ರುಚಿ ನೋಡಿ, ಆಮೇಲೆ ಒಪ್ಪಿದೆ.

ಅಪ್ಪನಿಗೆ ಬಹಳ ಖುಷಿ. "ಈಗೀಗ ಮಿಷನಿನಿಂದ ಒಳ್ಳೆ ಪರಿಮಳ ಬರ್ತದೆ ಮಾರಾಯ್ತಿ. ಹೊಸ ಮಿಷನ್ ಸ್ವಲ್ಪ ಪಳಗಬೇಕು ಕಾಣ್ತದೆ" ಎಂದು ಅಮ್ಮನ ಹತ್ತಿರ ಹೇಳಿದರು. ಬಸ್ಸಿನ ಎಂಜಿನ್ ಪಳಗುತ್ತದೆ, ಹಾಗೆಯೇ ಇದೂ. ನಾನು ನೆಯ್ಯಪ್ಪ ಜಗಿಯುತ್ತಾ, "ಹೌದು, ಸಾಫ್ಟ್‌ವೇರ್ ಅಪ್‌ಡೇಟ್ ಆಗಿರಬೇಕು" ಎಂದೆ.

ಮೂರು ತಿಂಗಳಲ್ಲಿ ಪಾರದರ್ಶಕ ಡಬ್ಬಿ ಚಹಾ ಬಣ್ಣಕ್ಕೆ ಬಂತು. ಅದರ ತಳದಲ್ಲಿ ಬಿಸಿಯಾಗುವ ಲೋಹದ ತಟ್ಟೆ ಇರುತ್ತದೆ, ಅದರ ಮೇಲೆ ಬಿಳಿ ಕರೆ ಕಟ್ಟಿತು. ಒಂದು ಭಾನುವಾರ ಅದು ಅಮ್ಮನ ಕಣ್ಣಿಗೆ ಬಿತ್ತು. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುವವರು. ಹೊಲಿಗೆ ಬಿಟ್ಟರೆ ಅವರ ಇನ್ನೊಂದು ಕಲೆ ಪಾತ್ರೆ ಬೆಳಗುವುದು. ದೀಪದ ಕಂಬ, ತಂಬಿಗೆ, ಗಂಟೆ ಯಾವುದೇ ಇರಲಿ, ಹಿತ್ತಿಲಿನ ಹುಳಿ ಹುಳಿ ಬಿಂಬುಳಿ ಕಾಯಿ ಜಜ್ಜಿ, ತೆಂಗಿನ ನಾರಿನಲ್ಲಿ ಉಜ್ಜಿದರೆ ಅದರಲ್ಲಿ ಮುಖ ಕಾಣಬೇಕು.

"ಛೀ, ಇದು ಎಂತ ಕರ್ಮ! ಇಷ್ಟು ಕೊಳೆ ನಿಮ್ಮ ಮೂಗಿನಿಂದ ಬಂದದ್ದಾ?" ಎಂದು ಅಪ್ಪನನ್ನು ಕೇಳಿದರು.

ಅಪ್ಪ ತಮ್ಮ ಮೂಗನ್ನು ಮುಟ್ಟಿಕೊಂಡು ಅಪರಾಧಿಯ ಹಾಗೆ ನಿಂತರು. ಅಜ್ಜಿ ಹೂ ಕಟ್ಟುತ್ತಿದ್ದರು. ಕಟ್ಟುತ್ತಲೇ ಇದ್ದರು. ನಾನು ಆ ಹೊತ್ತಿಗೆ ಓದಲು ಕೂತೆ, ಅದರಿಂದಲೇ ಅಮ್ಮನಿಗೆ ಅನುಮಾನ ಬರಬೇಕಿತ್ತು.

ಅಮ್ಮ ಬಾವಿಕಟ್ಟೆಯ ಪಕ್ಕ ಕೂತು ಬಿಂಬುಳಿ ಹಾಕಿ ಉಜ್ಜಿದರು. ಲೋಹದ ತಟ್ಟೆ ಬೆಳ್ಳಿಯಂತಾಯಿತು, ಅದನ್ನು ಒಪ್ಪಬೇಕು. ಆದರೆ ಡಬ್ಬಿಯ ಮುಚ್ಚಳದ ಸುತ್ತ ಒಂದು ತೆಳ್ಳಗಿನ ಮೆದು ಸೀಲ್ ಇರುತ್ತದೆ, ಗಾಳಿ ಹೊರಗೆ ಹೋಗದ ಹಾಗೆ ಹಿಡಿಯುವುದು ಅದೇ. ನಾರು ಅದನ್ನು ಎರಡು ಕಡೆ ಹರಿದುಹಾಕಿತು. ಪ್ಲಾಸ್ಟಿಕ್ಕಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕೂ ಬಿಟ್ಟಿತು. ಅಂದು ಅಪ್ಪ ಮಾಸ್ಕು ಹಾಕಿ ಸ್ವಿಚ್ ಒತ್ತಿದ್ದೇ ತಡ, ಡಬ್ಬಿಯಿಂದ "ಸ್ಸುಯ್ಯ್" ಎಂದು ಸೀಟಿ ಹೊರಟಿತು. ಅಪ್ಪ ಅರೆನಿದ್ದೆಯಲ್ಲಿ "ಹೋಲ್ಡಾನ್!" ಎಂದು ಬೊಬ್ಬೆ ಹೊಡೆದರಂತೆ. ಬಸ್ಸು ನಿಲ್ಲಿಸಲು ಯಾರೋ ಸೀಟಿ ಊದಿದ್ದಾರೆ ಎಂದು ಅವರ ಲೆಕ್ಕ.

ಬಿರುಕಿನಿಂದ ನೀರೆಲ್ಲ ಮೇಜಿಗೆ ಸೋರಿತು. ಒಣ ಗಾಳಿ ಕುಡಿದ ಅಪ್ಪನ ಗಂಟಲು ಬೆಳಗ್ಗೆ ಕಟ್ಟಿತ್ತು. ಕಂಡಕ್ಟರನಿಗೆ ಗಂಟಲು ಎಂದರೆ ಡ್ರೈವರನಿಗೆ ಸ್ಟೇರಿಂಗ್ ಇದ್ದ ಹಾಗೆ. ಮೂಡುಬಿದಿರೆಗೆ ತುಳುವಿನಲ್ಲಿ ಬೆದ್ರ ಎನ್ನುತ್ತೇವೆ. ಅಪ್ಪ "ಬೆದ್ರ ಬೆದ್ರ ಬೆದ್ರ" ಎಂದು ಕೂಗಿದರೆ ಬಂಟ್ವಾಳ ಪೇಟೆಯಲ್ಲಿ ಹೋಟೆಲಿನ ಒಳಗೆ ಚಹಾ ಕುಡಿಯುವವರೂ ಲೋಟ ಕೆಳಗಿಟ್ಟು ಓಡಿಬರಬೇಕು. ಆ ಸೋಮವಾರ ಬಂದ ಶಬ್ದ ಕೆಟ್ಟ ಪಂಪಿನದ್ದಾಗಿತ್ತು. ನೀರಿಲ್ಲ, ಗಾಳಿ ಮಾತ್ರ. ಎರಡು ಬೆಳಗ್ಗೆ ಹೀಗಾದ ಮೇಲೆ ಅಪ್ಪ ಮಾಸ್ಕನ್ನು ಗೋಡೆಯ ಮೊಳೆಗೆ ನೇತುಹಾಕಿದರು.

"ಒಂದು ವಾರ ಇದಕ್ಕೆ ರಜೆ. ಗಂಟಲು ಸಮ ಆಗ್ಲಿ. ಆಮೇಲೆ ನೋಡುವ" ಎಂದರು.

"ಡಾಕ್ಟರು ಒಂದು ದಿನವೂ ಬಿಡ್ಬಾರ್ದು ಅಂದಿದ್ರಲ್ಲ?" ಎಂದು ಅಮ್ಮ ಕೇಳಿದರು.

"ಡಾಕ್ಟರು ಬಂದು ಬೆದ್ರ ಬೆದ್ರ ಅಂತ ಕೂಗ್ತಾರಾ?"

ಲಾರಿ ಮತ್ತೆ ಘಾಟಿ ಹತ್ತಲು ಸುರು ಮಾಡಿತು. ಅಮ್ಮ ಮತ್ತೆ ಕೂತು ಎಣಿಸಲು ಸುರು ಮಾಡಿದರು.

ನಾನು ಮನೆಯ ಹತ್ತಿರದ ಸಿದ್ಧಕಟ್ಟೆಯಲ್ಲಿ ಅಪ್ಪನ ಬಸ್ಸನ್ನೇ ಹತ್ತಿ ಮೂಡುಬಿದಿರೆಯ ಕಾಲೇಜಿಗೆ ಹೋಗುವುದು. ಬಸ್ಸಿನಲ್ಲಿ ನಮಗೆ ಒಂದು ನಿಯಮ ಉಂಟು. ಅವರು ನನ್ನ ಅಪ್ಪ ಅಲ್ಲ, ನಾನು ಅವರ ಮಗ ಅಲ್ಲ. ಗೆಳೆಯರ ಎದುರು ನನ್ನ ಮರ್ಯಾದೆ ಉಳಿಯಲಿ ಎಂದು ಈ ನಿಯಮ ಮಾಡಿದ್ದು ನಾನು, ಇವನು ತನ್ನ ಮಗ ಎಂದು ಯಾರಿಗೂ ಗೊತ್ತಾಗದಿರಲಿ ಎಂದು ಸಂತೋಷದಿಂದ ಒಪ್ಪಿದ್ದು ಅವರು. ಗುರುವಾರ ಅಪ್ಪ ಬಾಗಿಲ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತಿದ್ದರು. ಬಸ್ಸು ಇಳಿಜಾರಿನಲ್ಲಿತ್ತು. ಅವರ ತಲೆ ನಿಧಾನಕ್ಕೆ ಎದೆಯ ಕಡೆಗೆ ಬಾಗಿತು, ಎದ್ದಿತು, ಮತ್ತೆ ಬಾಗಿತು. ಕಂಬಿ ಹಿಡಿದ ಬೆರಳು ಒಂದೊಂದಾಗಿ ಬಿಡುತ್ತಾ ಬಂತು.

"ಕಂಡಕ್ಟ್ರೇ!" ಎಂದು ನಾನು ಕಿರುಚಿದೆ. "ಈ ಬಸ್ಸು ಬೆದ್ರಕ್ಕೆ ಹೋಗ್ತದಾ?"

ಒಂದು ವರ್ಷದಿಂದ ದಿನಾ ಅದೇ ಬಸ್ಸಿನಲ್ಲಿ ಬರುವವನ ಪ್ರಶ್ನೆ. ಇಡೀ ಬಸ್ಸು ತಿರುಗಿ ನೋಡಿತು. ಅಪ್ಪ ಬೆಚ್ಚಿ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದರು.

"ಇಲ್ಲ, ಕಾಶಿಗೆ ಹೋಗ್ತದೆ. ನಿನಗೆ ಮಂಡೆ ಸಮ ಇಲ್ವಾ?" ಎಂದು ಗೊಗ್ಗರು ದನಿಯಲ್ಲಿ ಬೈದರು.

ಗೆಳೆಯರು ನಗಾಡಿದರು. ನಾನೂ ನಗಾಡಿದೆ. ಮುಂದಿನ ಇಪ್ಪತ್ತು ನಿಮಿಷದಲ್ಲಿ ನಾನು ಕಂಡಕ್ಟರರನ್ನು ಇನ್ನೂ ಆರು ಪ್ರಶ್ನೆ ಕೇಳಿದೆ. ಬಸ್ಸಿಗೆ ಎಷ್ಟು ಚಕ್ರ, ಡ್ರೈವರಣ್ಣನ ಚಹಾಕ್ಕೆ ಸಕ್ಕರೆ ಎಷ್ಟು, ಇಂತಹವು.

ಹಾಗಂತ ಅಷ್ಟು ದಿನ ಮನೆಯವರು ಸುಮ್ಮನೆ ಕೂತಿರಲಿಲ್ಲ. ಅಮ್ಮ ಒಡೆದ ಡಬ್ಬಿ ಹಿಡಿದುಕೊಂಡು ಬಂಟ್ವಾಳದ ಒಂದು ಮೆಡಿಕಲಿಗೆ ಹೋಗಿ ಬಂದರು. ಅಲ್ಲಿಯವರು ಗಂಭೀರವಾಗಿ ಪರೀಕ್ಷಿಸಿ, ಶೀತಕ್ಕೆ ಹಬೆ ತೆಗೆದುಕೊಳ್ಳುವ ಪ್ಲಾಸ್ಟಿಕ್ ಪಾತ್ರೆ ಕೊಟ್ಟರು. ಅದು ಈಗ ನಮ್ಮ ಮನೆಯಲ್ಲಿ ಸಾಸಿವೆ ಇಡಲು ಉಪಯೋಗವಾಗುತ್ತಿದೆ. ಡ್ರೈವರಣ್ಣ ಅಪ್ಪನಿಗೆ ಬೆಳ್ತಂಗಡಿಯ ಒಬ್ಬ ಪಂಪು ರಿಪೇರಿಯವರ ಹೆಸರು ಹೇಳಿದರು. ಆ ಮನುಷ್ಯ ಭೂಮಿಯ ಮೇಲಿನ ಯಾವ ಸೋರಿಕೆಗೂ ವಾಷರ್ ಕತ್ತರಿಸಿ ಕೊಡುತ್ತಾನಂತೆ. ಅಪ್ಪ ಬುಧವಾರ ರಜೆ ಹಾಕಿ ಹೋದರು. ಆತ ಟಯರ್ ಟ್ಯೂಬಿನಿಂದ ಅಳತೆಗೆ ಸರಿಯಾಗಿ ಒಂದು ಕಪ್ಪು ಸೀಲ್ ಕತ್ತರಿಸಿ ಕೂರಿಸಿ, ಬಿರುಕಿಗೆ ಗೋಂದು ಮೆತ್ತಿ ಕಳಿಸಿದ. ಎಂತಹ ಕೈಚಳಕ! ಒಂದು ಹನಿ ಸೋರಲಿಲ್ಲ. ಅಪ್ಪ ಮಧ್ಯಾಹ್ನವೇ ಮಾಸ್ಕು ಹಾಕಿ ಮಲಗಿ ನೋಡಿದರು. ಎರಡು ನಿಮಿಷದಲ್ಲಿ ಕಿತ್ತು ಎದ್ದು ಕೂತು ಕೆಮ್ಮಿದರು.

"ಬಸ್ಸಿನ ಅಡಿಯಲ್ಲಿ ಮಲಗಿದ ಹಾಗೆ ಉಂಟು. ಎಲ್ಲೋ ಬ್ರೇಕ್ ಲೈನರ್ ಸುಡ್ತಾ ಉಂಟು."

ಮಾಸ್ಕು ಪುನಃ ಮೊಳೆಗೆ ಹೋಯಿತು.

ಇನ್ನು ಉಳಿದದ್ದು ತಾಂತ್ರಿಕ ವಿಭಾಗ. ಶುಕ್ರವಾರ ಕಾಲೇಜು ಬಿಟ್ಟ ಮೇಲೆ ಡಬ್ಬಿಯನ್ನು ಬುತ್ತಿಚೀಲದಲ್ಲಿ ಹಾಕಿಕೊಂಡು ಮೂಡುಬಿದಿರೆ ಪೇಟೆಯಲ್ಲಿ ಆಸ್ಪತ್ರೆ ಸಲಕರಣೆ ಮಾರುವ ಅಂಗಡಿ ಹುಡುಕಿದೆ. ಗಾಲಿಕುರ್ಚಿ, ಊರುಗೋಲುಗಳ ನಡುವೆ ಒಬ್ಬ ಅಕ್ಕ ಕನ್ನಡಕ ಹಾಕಿ ಕೂತಿದ್ದರು.

"ಅಕ್ಕಾ, ಈ ಹ್ಯುಮಿಡಿಫಯರಿನ ಡಬ್ಬಿ, ಸೀಲ್ ಬೇಕಿತ್ತು" ಎಂದೆ, ಹ್ಯುಮಿಡಿಫಯರ್ ಎಂಬ ಶಬ್ದವನ್ನು ಸಾಧ್ಯವಾದಷ್ಟು ಸ್ಟೈಲಾಗಿ.

ಅವರು ಡಬ್ಬಿ ತೆರೆದು, ಟಯರಿನ ಸೀಲನ್ನು ಕಿತ್ತು ಬದಿಗಿಟ್ಟು, ಮೂಸಿದರು. "ಇದು ಯಾರ ಮನೆಯ ಕಷಾಯದ ಪಾತ್ರೆ?"

"ಅಪ್ಪನ ಮಿಷನಿದ್ದು."

"ಎಂತ ನೀರು ಹಾಕುವುದು?"

"ಡಿಸ್ಟಿಲ್ಡ್ ವಾಟರ್."

ಅವರು ಒಂದು ಚಿಮಟವನ್ನು ಮುಚ್ಚಳದ ಸಂದಿಗೆ ತೂರಿಸಿ, ಒಂದು ಸಣ್ಣ ಕಂದು ನಾರನ್ನು ಎಳೆದು ಬೆಳಕಿಗೆ ಹಿಡಿದರು. "ಡಿಸ್ಟಿಲ್ಡ್ ವಾಟರಿಗೆ ಬೇರು ಬರ್ತದಾ? ತುಳಸಿ ಹಾಕಿದವರನ್ನು ನೋಡಿದ್ದೇನೆ. ನೀಲಗಿರಿ ಎಣ್ಣೆ ಬಿಟ್ಟವರನ್ನೂ ನೋಡಿದ್ದೇನೆ. ಲಾವಂಚ ಇದೇ ಮೊದಲು."

ನಾನು ಗಾಲಿಕುರ್ಚಿಯ ಚಕ್ರ ನೋಡುತ್ತಾ ನಿಂತೆ. ಒಳ್ಳೆಯ ಚಕ್ರ.

"ಡಬ್ಬಿ ಉಂಟು, ಸೀಲೂ ಉಂಟು. ಆದ್ರೆ ಇದಕ್ಕೆ ನೀರು ಹಾಕುವುದು ಯಾರು?"

"ನಾನೇ."

"ಹೌದಾ? ಹಾಗಾದ್ರೆ ಹೇಳು, ಡಬ್ಬಿಯ ಮೇಲೆ ಈ ಗೆರೆ ಎಂತಕ್ಕೆ?"

"ಅದು... ಚಂದಕ್ಕೆ."

ಅಕ್ಕ ಕನ್ನಡಕ ತೆಗೆದು ನನ್ನನ್ನು ನೋಡಿದರು. ನಗಲಿಲ್ಲ. "ನೋಡು, ಈ ಬೇರಿನ ಕಸ, ಕರೆ, ಪಾಚಿ ಎಲ್ಲ ಹಬೆಯ ಒಟ್ಟಿಗೆ ಎದೆಗೆ ಹೋಗ್ಲಿಕ್ಕುಂಟು. ನಾನು ಹೊಸತು ಕೊಟ್ರೆ ಇನ್ನು ಮೂರು ತಿಂಗಳಿಗೆ ಇದೇ ಗತಿ. ನೀರು ಹಾಕುವವರನ್ನು ನಾಳೆ ಕರ್ಕೊಂಡು ಬಾ. ಅವರ ಕೈಗೇ ಕೊಡ್ತೇನೆ."

ಮೂರು ತಿಂಗಳು. ದಿನಕ್ಕೆ ಎರಡು ನೆಯ್ಯಪ್ಪ. ಮನೆಗೆ ಹೋಗುವ ದಾರಿಯಲ್ಲಿ ಬೆರಳು ಮಡಚಿ ಗುಣಿಸಿದೆ, ಲೆಕ್ಕ ನೂರೆಂಬತ್ತಕ್ಕೆ ಬಂತು.

ಅಪ್ಪನಿಗೆ ಹೇಳಿಬಿಡಬಹುದಿತ್ತು. ಆದರೆ ಅಜ್ಜಿಯನ್ನು ಹಿಡಿದುಕೊಟ್ಟರೆ ಅವರು ಒಬ್ಬರೇ ಜೈಲಿಗೆ ಹೋಗುವ ಜಾತಿಯವರಲ್ಲ. ಹಾಗಾಗಿ, "ಅಜ್ಜೀ, ನಾಳೆ ಬೆದ್ರಕ್ಕೆ ಹೋಗುವ. ನಿಮ್ಮ ಕನ್ನಡಕದ ಕಡ್ಡಿ ಸಡಿಲ ಉಂಟಲ್ಲ, ಸಮ ಮಾಡಿಸುವ" ಎಂದೆ. ನನ್ನ ಈ ಅಪೂರ್ವ ಕಾಳಜಿಗೆ ಅಜ್ಜಿ ಕಣ್ಣು ಕಿರಿದು ಮಾಡಿದರು. ಆದರೂ ಹೊರಟರು, ಪೇಟೆಗೆ ಹೋಗದೆ ತುಂಬ ಸಮಯವಾಗಿತ್ತು.

ಶನಿವಾರ ಅಪ್ಪನ ಬಸ್ಸೇ ಸಿಕ್ಕಿತು. ಬಾಗಿಲ ಪಕ್ಕದ ಸೀಟಿನಲ್ಲಿ ಅಜ್ಜಿ ಕೂತರು. ಅಪ್ಪನ ಕಣ್ಣು ಕೆಂಪಗೆ ಊದಿತ್ತು. ಬಸ್ಸು ಹೊರಡಿಸಲು "ರೈಟ್ ಪೋಯಿ" ಎಂದು ಹೇಳಲು ಹೋಗಿ ಅರ್ಧಕ್ಕೇ ಗಂಟಲು ನಿಂತಿತು. ನಾನು ಪ್ರಶ್ನೆಗಳ ಪಟ್ಟಿ ತಯಾರು ಮಾಡಿಕೊಂಡು ಬಂದಿದ್ದೆ. ಬೇಕಾಗಲಿಲ್ಲ. ಎರಡನೆಯ ತಿರುವಿನಲ್ಲಿ ಅಪ್ಪನ ತಲೆ ಬಾಗಿತು. ಅಜ್ಜಿ ಅದನ್ನು ನೋಡಿದರು. ಮಗ ಮಲಗಿದ್ದನ್ನು ಅವರು ಬೇಕಾದಷ್ಟು ನೋಡಿದ್ದಾರೆ, ಆದರೆ ಓಡುವ ಬಸ್ಸಿನ ತೆರೆದ ಬಾಗಿಲಲ್ಲಿ ನಿಂತು ಮಲಗಿದ್ದನ್ನು ನೋಡಿರಲಿಲ್ಲ. ಅವರು ಕೂಗಲಿಲ್ಲ, ಕೈಚಾಚಿ ಅಪ್ಪನ ಹೆಗಲ ಚೀಲದ ಪಟ್ಟಿಯನ್ನು ಹಿಡಿದರು. ಎರಡು ಸುತ್ತು ಮುಷ್ಟಿಗೆ ಸುತ್ತಿಕೊಂಡರು.

"ಅಮ್ಮ, ಬಿಡಿ. ಟಿಕೆಟು ಕೊಡ್ಲಿಕ್ಕುಂಟು. ಜನ ನೋಡ್ತಾರೆ."

"ನೋಡ್ಲಿ."

"ಹಿಂದಿನವರಿಗೆ ಕೊಡುವುದು ಹೇಗೆ?"

"ಅವರೇ ಮುಂದೆ ಬರ್ಲಿ. ಕಾಲು ಉಂಟಲ್ಲ?"

ಹಾಗೆ ಆ ದಿನ ಜನರೇ ಒಬ್ಬೊಬ್ಬರಾಗಿ ಮುಂದೆ ಬಂದು ಟಿಕೆಟು ಪಡೆದರು. ಕಟ್ಟಿಹಾಕಿದ ಕಂಡಕ್ಟರನನ್ನು ನಾನು ನೋಡಿದ್ದು ಅದೊಂದೇ ಸಲ. ಮೂಡುಬಿದಿರೆಯಲ್ಲಿ ಬಸ್ಸು ಪೂರ್ತಿ ನಿಂತ ಮೇಲೆಯೇ ಅಜ್ಜಿ ಪಟ್ಟಿ ಬಿಟ್ಟದ್ದು. ಅಂಗೈಯಲ್ಲಿ ಕೆಂಪು ಗೆರೆ ಎದ್ದಿತ್ತು.

ಕನ್ನಡಕದ ಅಂಗಡಿ ದಾಟಿ ನಾನು ಮುಂದೆ ಹೋದಾಗ ಅಜ್ಜಿಗೆ ಗೊತ್ತಾಯಿತು. ಆದರೂ ಹಿಂದೆ ಬಂದರು. ಅಂಗಡಿಯ ಅಕ್ಕ ಸ್ಟೂಲು ಹಾಕಿ ಕೂರಿಸಿ, ಮೊದಲು ಒಂದು ಲೋಟ ನೀರು ಕೊಟ್ಟರು. ಅಜ್ಜಿ ಕುಡಿಯುವ ಮೊದಲು ಮೂಸಿ ನೋಡಿದರು. ಅಭ್ಯಾಸ.

"ಅಮ್ಮಾ, ಲಾವಂಚ ಕುಡಿಲಿಕ್ಕೆ ಬಹಳ ಒಳ್ಳೆದು. ಹೊಟ್ಟೆಗೆ ತಂಪು. ಆದ್ರೆ ಇಲ್ಲಿ ಹೋಗುವುದು ಹೊಟ್ಟೆಗೆ ಅಲ್ಲ" ಎಂದು ಅಕ್ಕ ಹಳೆ ಡಬ್ಬಿಯ ಸಂದಿಗಳಲ್ಲಿ ಉಳಿದ ಕೊಳೆ ತೋರಿಸಿದರು.

"ಎದೆಗೆ ಹೋಗ್ತದಾ?"

"ಹೌದು."

ಅಜ್ಜಿ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ನಾನು ಸೋಸಿಯೇ ಹಾಕಿದ್ದು" ಎಂದರು, ನಮಗಿಂತ ಹೆಚ್ಚು ಡಬ್ಬಿಗೆ.

"ಬಾವಿ ನೀರು ಹಾಗೇ ಹಾಕಿದ್ರೂ ಕರೆ ಕಟ್ತದೆ" ಎಂದು ಅಕ್ಕ ಮುಂದುವರಿಸಿದರು. "ಮೊದಲು ಎಂತ ಹಾಕ್ತಿದ್ರು?"

"ಬಸ್ಸಿನ ಬ್ಯಾಟರಿ ನೀರು" ಎಂದೆ.

"ಅಯ್ಯೋ ದೇವರೇ! ಅದು ಬೇಡವೇ ಬೇಡ. ಗ್ಯಾರೇಜಿನ ಕ್ಯಾನಿನಲ್ಲಿ ಮೊದಲು ಆಸಿಡ್ ಇತ್ತೋ ಎಂತ ಇತ್ತೋ ಯಾರಿಗೆ ಗೊತ್ತು? ಆಸ್ಪತ್ರೆಗೆ ಕೊಡುವ ಡಿಸ್ಟಿಲ್ಡ್ ವಾಟರ್ ಬೇರೆ ಸಿಗ್ತದೆ, ಸೀಲ್ ಇದ್ದ ಬಾಟ್ಲಿಯಲ್ಲಿ."

ಅಜ್ಜಿಯ ಬೆನ್ನು ನೆಟ್ಟಗಾಯಿತು. "ಕೇಳಿದ್ಯಾ? ಕೇಳಿದ್ಯಾ? ಬಸ್ಸಿನ ನೀರು ಬೇಡ ಅಂತ ನಾನು ಹೇಳಿದ್ದೆ. ಹೇಳಿದ್ದೆ!" ಮುಖಕ್ಕೆ ಮತ್ತೆ ಬಣ್ಣ ಬಂತು.

ಆಮೇಲೆ ಪಾಠ ಸುರುವಾಯಿತು. ಮೊದಲು ವೈರು ಕಿತ್ತು, ಮಿಷನಿನ ತಟ್ಟೆ ಆರಲು ಬಿಡಬೇಕು. ಸೀಲನ್ನು ಮುಚ್ಚಳದ ತೋಡಿಗೆ ಸುತ್ತ ಒತ್ತಿ ಕೂರಿಸಬೇಕು, ಎಲ್ಲೂ ತಿರುಚಬಾರದು. ನೀರು ಗೆರೆಯವರೆಗೆ, ಒಂದು ಹನಿಯೂ ಮೇಲೆ ಬೇಡ, ಇಲ್ಲದಿದ್ದರೆ ಪೈಪಿಗೆ ಹೋಗಿ ಗುಳುಗುಳು ಎನ್ನುತ್ತದೆ. ಡಬ್ಬಿಯ ತಳ ಒರೆಸಿ, ಟಕ್ ಎಂದು ಶಬ್ದ ಬರುವವರೆಗೆ ದೂಡಬೇಕು. ಬೆಳಗ್ಗೆ ಉಳಿದ ನೀರು ಚೆಲ್ಲಿ, ಸಾಬೂನಿನ ನೀರಿನಲ್ಲಿ ಮೆತ್ತಗೆ ಕೈಯಲ್ಲೇ ತೊಳೆಯಬೇಕು. ನಾರು, ಬಿಂಬುಳಿ ಹತ್ತಿರವೂ ಬರಬಾರದು.

"ಕುಕ್ಕರಿನ ಗ್ಯಾಸ್ಕೆಟ್ ಹಾಕ್ತೀರಲ್ಲ ಅಮ್ಮಾ, ಹಾಗೆಯೇ."

ಅಜ್ಜಿ ಸೀಲ್ ತೆಗೆದುಕೊಂಡು ಹೆಬ್ಬೆರಳಿನಲ್ಲಿ ಒತ್ತುತ್ತಾ ಒಂದು ಸುತ್ತು ಹೋದರು. ಕೂತಿತು. ಅಕ್ಕನ ಅಂಗಡಿಯಲ್ಲಿದ್ದ ತೋರಿಸುವ ಮಿಷನಿಗೆ ದೂಡಿದರು. ಟಕ್. ನನಗೆ ಕೊಟ್ಟರು. ನಾನು ಹಾಕಿದೆ. ಒಂದು ಕಡೆ ತಿರುಚಿತು. ಪುನಃ ಹಾಕಿದೆ. ಇನ್ನೊಂದು ಕಡೆ ತಿರುಚಿತು.

"ಇಷ್ಟೇಯಾ? ಇದಕ್ಕಾ ನೀನು ಊರಿಡೀ ಇಂಜಿನಿಯರ್ ಅಂತ ಹೇಳಿಕೊಂಡು ತಿರುಗುವುದು?" ಎಂದು ಅಜ್ಜಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡರು.

ಸಂಜೆ ಅಪ್ಪ ಮನೆಗೆ ಬರುವಾಗ ಮಂಚದ ಮೇಲೆ ಮೈ ಒರೆಸುವ ಒಂದು ಒಗೆದ ಬೈರಾಸ ಹಾಸಿ, ಅದರ ಮೇಲೆ ಹೊಸ ಡಬ್ಬಿ, ಬಾಟ್ಲಿ, ಮಿಷನ್ ಸಾಲಾಗಿ ಇಟ್ಟು ಅಜ್ಜಿ ಕೂತಿದ್ದರು. ನಾನು ಬಾಗಿಲ ಹತ್ತಿರವೇ ನಿಂತೆ, ಓಡಲು ಅನುಕೂಲವಾಗುವ ಹಾಗೆ.

"ನಿನ್ನ ಮಿಷನಿಗೆ ಪರಿಮಳ ಬರ್ತಿದ್ದದ್ದು ಅದು ಪಳಗಿದ್ದಕ್ಕೆ ಅಲ್ಲ" ಎಂದು ಅಜ್ಜಿ ಸುರು ಮಾಡಿದರು. "ನಾನು ಲಾವಂಚ ಹಾಕಿದ್ದು. ಮೂರು ತಿಂಗಳು. ತಪ್ಪು ನನ್ನದು. ಅರ್ಧ ನಿನ್ನದು, ಬಸ್ಸಿನ ನೀರು ತಂದದ್ದಕ್ಕೆ. ಉಳಿದದ್ದು ಇವನದ್ದು, ನೆಯ್ಯಪ್ಪ ತಿಂದು ಬಾಯಿ ಮುಚ್ಚಿ ಕೂತದ್ದಕ್ಕೆ."

ಲೆಕ್ಕ ಒಂದಕ್ಕಿಂತ ಹೆಚ್ಚಾಯಿತು ಎಂದು ತೋರಿಸಿಕೊಡಬೇಕು ಎನಿಸಿತು. ಸಮಯ ಸರಿಯಿರಲಿಲ್ಲ.

ಅಮ್ಮ ಹೊಲಿಗೆಮಿಷನಿನಿಂದ ಎದ್ದು ಬಂದರು. "ಹಾಗಾದ್ರೆ ನಾನು ಆ ದಿನ ಉಜ್ಜಿದ್ದು ನಿಮ್ಮ ಕಷಾಯವನ್ನಾ? ಪಾಪ, ಇವರ ಮೂಗಿಗೆ ಎಷ್ಟು ಬೈದೆ ನಾನು!"

ಅಪ್ಪ ನನ್ನ ಕಡೆ ನೋಡಿದರು. ಬೈಯಲು ಬಾಯಿ ತೆರೆದರು, ಗಾಳಿ 'ಹಸ್' ಎಂದಿತು, ಅಷ್ಟೆ. ದನಿ ಇಲ್ಲದ ಅಪ್ಪ ಇಷ್ಟು ಉಪಕಾರಿ ಎಂದು ಮೊದಲೇ ಗೊತ್ತಿದ್ದರೆ! ಆಮೇಲೆ ಅವರು ಅಜ್ಜಿಯ ಅಂಗೈಯ ಕೆಂಪು ಗೆರೆ ನೋಡಿದರು. ಹತ್ತಿರ ಕೂತು, "ತೋರಿಸಿ, ಹೇಗೆ ಹಾಕುವುದು" ಎಂದು ಪಿಸುಗುಟ್ಟಿದರು.

ಅಜ್ಜಿ ತೋರಿಸಿದರು. ಸೀಲಿನ ಸುತ್ತ ಹೆಬ್ಬೆರಳು. ಗೆರೆಯವರೆಗೆ ನೀರು, ಕನ್ನಡಕವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಏಕೆಂದರೆ ಅದರ ಕಡ್ಡಿ ನಿಜಕ್ಕೂ ಸಡಿಲ ಉಂಟು, ಅದನ್ನು ಸರಿಮಾಡಿಸಲು ಎಲ್ಲರೂ ಮರೆತಿದ್ದೆವು. ಟಕ್. ಸ್ವಿಚ್ ಒತ್ತಿದಾಗ ಸೀಟಿ ಬರಲಿಲ್ಲ. ಯಾವ ಪರಿಮಳವೂ ಬರಲಿಲ್ಲ. ಅಪ್ಪ ಊಟಕ್ಕೂ ಏಳದೆ ಮಲಗಿಬಿಟ್ಟರು. ಅಮ್ಮ ಸ್ವಲ್ಪ ಹೊತ್ತು ಎಣಿಸಿ, ಎಣಿಸಲು ಏನೂ ಇಲ್ಲ ಎಂದು ಗೊತ್ತಾಗಿ ರವಿಕೆಗೆ ಗುಂಡಿ ಹಾಕಲು ಕೂತರು.

ನೀರಿನ ಇಲಾಖೆಗೆ ಈಗ ನಾಲ್ಕನೆಯ ದರ್ಜೆ ಸೇರಿದೆ. ಸೀಲ್ ಇದ್ದ ಬಾಟ್ಲಿಯ ನೀರು, ಅಜ್ಜಿಯ ಕಪಾಟಿನಲ್ಲಿ, ಬೀಗದ ಒಳಗೆ. ಲಾವಂಚದ ನೀರು ಅಪ್ಪನ ಬಸ್ಸಿಗೆ ಹೋಗುತ್ತದೆ, ಕುಡಿಯಲು, ಸ್ಟೀಲ್ ಬಾಟ್ಲಿಯಲ್ಲಿ. ತಾಂತ್ರಿಕ ವಿಭಾಗ ಅಜ್ಜಿಯ ಕೈಗೆ ಹೋಯಿತು. ನೆಯ್ಯಪ್ಪ ನಿಂತಿತು.

ಒಂದು ವಾರ ಕಳೆದ ಮೇಲೆ, ನಾನು ಸಿದ್ಧಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಇನ್ನೂ ತಿರುವಿನ ಆಚೆ ಇತ್ತು, ಕಾಣುತ್ತಿರಲಿಲ್ಲ. ಮೊದಲು ಬಂದದ್ದು "ಬೆದ್ರ ಬೆದ್ರ ಬೆದ್ರ!" ಅಂಗಡಿಯ ಎದುರು ಮಲಗಿದ್ದ ನಾಯಿ ಎದ್ದು ಜಾಗ ಬದಲಿಸಿತು. ಅಪ್ಪ ಮೆಟ್ಟಿಲ ಮೇಲೆ ಒಂದು ಕೈಯಲ್ಲಿ ಕಂಬಿ ಹಿಡಿದು, ಎರಡೂ ಕಣ್ಣು ಅಗಲ ತೆರೆದು ನಿಂತಿದ್ದರು. ನಾನು ಹತ್ತಿದೆ. ಪ್ರಶ್ನೆಗಳನ್ನು ಈಗಲೂ ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ, ಯಾವುದಕ್ಕೂ ಇರಲಿ ಎಂದು. ಬಾಗಿಲ ಪಕ್ಕದ ಅಜ್ಜಿ ಕೂತಿದ್ದ ಸೀಟಿನಲ್ಲೇ ಕೂತು ಅವರ ತಲೆಯನ್ನೇ ನೋಡುತ್ತಿದ್ದೆ. ಬಾಗಲಿಲ್ಲ. ಮೊದಲ ತಿರುವು, ಎರಡನೆಯ ತಿರುವು. ಬಾಗಲಿಲ್ಲ. ಗಾಳಿ ತಂಪಾಗಿತ್ತು.

ಆಮೇಲೆ ಯಾರೋ ನನ್ನ ಕಿವಿಯ ಪಕ್ಕ ಸೀಟಿ ಊದಿದರು.

"ಓ ಇಂಜಿನಿಯರೇ, ಈ ಬಸ್ಸು ಕಾಶಿಗೆ ಹೋಗುವುದಿಲ್ಲ" ಎಂದು ಕಂಡಕ್ಟರ್ ಇಡೀ ಬಸ್ಸಿಗೆ ಕೇಳುವ ಹಾಗೆ ಬೊಬ್ಬೆ ಹೊಡೆದರು. "ಬೆದ್ರ ಬಂತು. ಎದ್ದು ಇಳಿ!"